ಏಳನೇ ಗುಂಡಿಯ ಪುಟ್ಟಲಕ್ಷ್ಮಿ

ನನಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆ. ಭದ್ರಾವತಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆಗಿ, ಶಿಫ್ಟು ಮುಗಿಸಿ ಹೋಗುವವರ ಬುತ್ತಿಡಬ್ಬಿ ತಡಕುತ್ತಲೇ ನನ್ನ ಅರ್ಧ ಆಯುಸ್ಸು ಕಳೆದಿದೆ. ಅನ್ನದ ಅಡಿಯಲ್ಲಿ ಹಿತ್ತಾಳೆಯ ನಟ್ಟು ಸಿಕ್ಕಿದ ಮೇಲೆ ಯಾವ ಅನ್ನವನ್ನು ನಂಬುವುದು ಹೇಳಿ. ಹಾಲಸ್ವಾಮಿ ತನ್ನ ನೆರಳನ್ನೂ ನಿಲ್ಲಿಸಿ ಜೇಬು ನೋಡುತ್ತಾನೆ ಎಂದು ನನ್ನ ಹೆಂಡತಿಯೇ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳಲಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಗೇಟಿನ ಕೆಲಸ ಬಿಟ್ಟ ಮೇಲೆ ಮಲವಗೊಪ್ಪದ ಆಚೆಯ ಗಾಲ್ಫ್ ಕ್ಲಬ್ಬಿಗೆ ಮೇಸ್ತ್ರಿಯಾಗಿ ಸೇರಿದೆ. ಅಡಿಕೆ ಮಂಡಿಯವರು, ಡಾಕ್ಟರುಗಳು, ಫ್ಯಾಕ್ಟರಿ ಆಫೀಸರುಗಳು ಸೇರಿ ಬರಡು ಜಾಗದಲ್ಲಿ ಮಾಡಿಕೊಂಡ ಸಣ್ಣ ಮೈದಾನ ಅದು. ಚೆಂಡು ಬೀಳಬೇಕಾದ ಗುಂಡಿಯ ಸುತ್ತ ದೊಡ್ಡ ಊರುಗಳಲ್ಲಿ ಎಳೆ ಹುಲ್ಲು ಬೆಳೆಸುತ್ತಾರಂತೆ. ನಮ್ಮಲ್ಲಿ ಅದಕ್ಕೆಲ್ಲ ನೀರೆಲ್ಲಿ? ಸುಟ್ಟ ಎಂಜಿನ್ ಆಯಿಲ್ ಕಲೆಸಿದ ಮರಳನ್ನು ಕಣದ ಹಾಗೆ ದುಂಡಗೆ ಹರಡಿದ್ದೆವು. ಅದರ ಮೇಲೆ ನಡೆದರೆ ಹೆಜ್ಜೆ ಮೂಡುತ್ತದೆ, ಹೆಜ್ಜೆ ಮೂಡಿದಲ್ಲಿ ಚೆಂಡು ಸೊಟ್ಟ ಹೋಗುತ್ತದೆ. ಅದಕ್ಕೇ ಗುಂಡಿಗೊಬ್ಬ ಹೆಂಗಸು, ಅವಳ ಕೈಗೊಂದು ಉದ್ದ ಹಿಡಿಯ ಪೊರಕೆ. ಒಂದು ಗುಂಪು ಆಡಿ ಹೋದ ಕೂಡಲೇ ಗುಡಿಸಿ ನುಣ್ಣಗೆ ಮಾಡಬೇಕು. ಹಿಂದಿನಿಂದ ಬರುವ ಗುಂಪಿನವರು ಮರಳಿಗೆ ಕಾಲಿಟ್ಟ ಮೇಲೆ ಪೊರಕೆ ಮುಟ್ಟುವಂತಿಲ್ಲ. ಅದು ಕ್ಲಬ್ಬಿನ ಕಾನೂನು.

ಏಳನೇ ಗುಂಡಿಯವಳು ಪುಟ್ಟಲಕ್ಷ್ಮಿ. ಭದ್ರಾವತಿ ಓಲ್ಡ್ ಟೌನಿನ ಒಂದು ವಠಾರದಲ್ಲಿ ಮನೆ. ಗಂಡ ಕೃಷ್ಣಪ್ಪನಿಗೆ ದಮ್ಮು; ಕಾರ್ಖಾನೆಯ ಕಂಟ್ರಾಕ್ಟ್ ಕೆಲಸ ನಿಂತ ಮೇಲೆ ಜಗಲಿ ಬಿಟ್ಟು ಇಳಿದವನಲ್ಲ. ಆ ಮನೆಯ ಒಲೆ ಹೊತ್ತುತ್ತಿದ್ದುದು ಇವಳ ಪೊರಕೆಯಿಂದ. ತಲೆಗೆ ಟವೆಲ್ಲು ಕಟ್ಟಿ, ಸೆರಗು ಸಿಕ್ಕಿಸಿ ನಿಂತಳೆಂದರೆ ನಾಯಿಯೂ ಆ ಮರಳಿಗೆ ಕಾಲಿಡಲು ಹೆದರುತ್ತಿತ್ತು. ಕೆಲಸದಲ್ಲಿ ಅಚ್ಚುಕಟ್ಟು, ನಿಜ. ಆದರೆ ಶಾಸ್ತ್ರದ ಮೂಟೆ. ಉಪ್ಪನ್ನು ಕೈಗೆ ಕೊಡಬಾರದು, ಮಂಗಳವಾರ ಉಗುರು ತೆಗೆಯಬಾರದು, ಹೊಸ್ತಿಲ ಮೇಲೆ ನಿಂತು ಸೀನಬಾರದು. ಒಮ್ಮೆ ನಾನು ‘ಎಲ್ಲಿಗೆ ಹೊರಟೆ’ ಎಂದು ಕೇಳಿದ್ದಕ್ಕೆ, ಹೋದ ಕೆಲಸ ಕೆಟ್ಟಿತು ಎಂದು ಎರಡು ದಿನ ಮಾತು ಬಿಟ್ಟಿದ್ದಳು. ಇಷ್ಟೊಂದು ಶಾಸ್ತ್ರ ಮಾಡುವವರನ್ನು ನಾನು ಇನ್ನೂ ಸ್ವಲ್ಪ ಜಾಸ್ತಿಯೇ ಅನುಮಾನಿಸುತ್ತೇನೆ.

ವರ್ಷಕ್ಕೊಮ್ಮೆ ಕ್ಲಬ್ಬಿನಲ್ಲಿ ಎರಡು ದಿನದ ಪಂದ್ಯ ನಡೆಯುತ್ತಿತ್ತು. ಗಾಲ್ಫನ್ನೇ ಕಸುಬು ಮಾಡಿಕೊಂಡ ಪ್ರೊಫೆಷನಲ್ ಆಟಗಾರರು ಮೈಸೂರು, ಬೆಂಗಳೂರು ಕಡೆಯಿಂದ ಬರುತ್ತಿದ್ದರು. ಕಡಿಮೆ ಹೊಡೆತದಲ್ಲಿ ಎಲ್ಲ ಗುಂಡಿ ಮುಗಿಸಿದವನಿಗೆ ಬಹುಮಾನದ ಕಪ್ಪು. ತೊಂಬತ್ತೆಂಟರಲ್ಲಿ ಆ ಕಪ್ಪು ಗೆದ್ದವನು ಭೀಮೇಶ್, ನಮ್ಮ ಓಲ್ಡ್ ಟೌನಿನ ಹುಡುಗ. ಬೆಂಗಳೂರಿನ ಯಾವುದೋ ಕ್ಲಬ್ಬಿನಲ್ಲಿ ಸಾಹುಕಾರರ ಚೀಲ ಹೊರುತ್ತ ಹೊರುತ್ತ ಆಟ ಕಲಿತವನು. ತೊಂಬತ್ತೊಂಬತ್ತರಲ್ಲಿ ಹಾಲಿ ಚಾಂಪಿಯನ್ ಆಗಿ ಮತ್ತೆ ಬಂದ.

ಪಂದ್ಯದ ಮೊದಲ ದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಪುಟ್ಟಲಕ್ಷ್ಮಿ ಅವನಿಗೆ ಒಂದು ಡಬ್ಬಿ ಕೊಡುವುದು ಕಂಡೆ. ಡಬ್ಬಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೋಗಿ ಮುಚ್ಚಳ ತೆಗೆಸಿದೆ. ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ.

“ನಟ್ಟು ಗಿಟ್ಟು ಇಲ್ಲ ಮೇಸ್ತ್ರಿ, ತಿಂದು ನೋಡಿ,” ಎಂದು ಭೀಮೇಶ್ ನಕ್ಕ. “ಚಿಕ್ಕಮ್ಮನ ಕೈ ರೊಟ್ಟಿ ತಿನ್ನದೆ ಇವತ್ತು ಕೋಲು ಹಿಡಿಯಲ್ಲ ನಾನು.”

ಚಿಕ್ಕಮ್ಮ ಎಂದರೆ ರಕ್ತಸಂಬಂಧವಲ್ಲ. ಒಂದೇ ವಠಾರದ ಅಕ್ಕಪಕ್ಕದ ಮನೆ. ಅವನ ತಾಯಿ ಹೂವಮ್ಮ ಹೋಟೆಲಿನಲ್ಲಿ ರುಬ್ಬುವ ಕೆಲಸಕ್ಕೆ ಹೋಗುತ್ತಿದ್ದುದರಿಂದ ಇವನು ಉಂಡದ್ದು, ಮಲಗಿದ್ದು, ಜ್ವರ ಬಂದರೆ ನರಳಿದ್ದು ಎಲ್ಲ ಪುಟ್ಟಲಕ್ಷ್ಮಿಯ ಮನೆಯಲ್ಲಿ. ಇದು ವಠಾರದವರಿಗೆ ಗೊತ್ತು, ನನಗೂ ಗೊತ್ತು. ಕ್ಲಬ್ಬಿನವರಿಗೆ ಗುಡಿಸುವವಳ ಹೆಸರೇ ಗೊತ್ತಿರಲಿಲ್ಲ, ಇದೆಲ್ಲ ಎಲ್ಲಿಂದ ಗೊತ್ತಾಗಬೇಕು?

ಕ್ಲಬ್ಬಿನ ಕಾರ್ಯದರ್ಶಿ ಅಡಿಕೆ ಮಂಡಿಯ ಷಡಕ್ಷರಪ್ಪನವರು. ಅವರಿಗೆ ಮರ್ಯಾದೆ ಎಂದರೆ ಪ್ರಾಣ. ಹಾಲಿ ಚಾಂಪಿಯನ್ನಿಗೆ ಹಾರ ಹಾಕಿ, ಎರಡು ದಿನವೂ ಎಲ್ಲರಿಗಿಂತ ಮೊದಲು ಅವನನ್ನೇ ಆಡಲು ಕಳಿಸಬೇಕೆಂದು ತೀರ್ಮಾನ ಮಾಡಿದರು. ಹಾಗಾಗಿ ಭೀಮೇಶನ ಗುಂಪು ಮುಂದೆ, ಮೈಸೂರಿನ ಧರ್ಮೇಂದ್ರನ ಗುಂಪು ಅದರ ಬೆನ್ನಿಗೇ. ಭೀಮೇಶನಿಗೆ ಸರಿಸಾಟಿಯಾಗಿ ಆಡುತ್ತಿದ್ದವನು ಈ ಧರ್ಮೇಂದ್ರ ಒಬ್ಬನೇ.

ನಾನು ಏಳನೇ ಗುಂಡಿಯ ಪಕ್ಕದ ಹುಣಸೆ ಮರದ ಕೆಳಗೆ ನಿಂತಿದ್ದೆ. ನಿಂತಿದ್ದು ನೆರಳಿಗಲ್ಲ, ರೊಟ್ಟಿಯ ಅನುಮಾನಕ್ಕೆ. ಭೀಮೇಶ್ ಆಡಿ ಹೊರಟ. ಪುಟ್ಟಲಕ್ಷ್ಮಿ ಪೊರಕೆಯನ್ನು ನೆಲಕ್ಕೆ ಊರಿಕೊಂಡು ಅವನನ್ನೇ ನೋಡುತ್ತ ನಿಂತಳು. ಅವನು ಜಾಲಿ ಪೊದೆ ದಾಟಿ ಮರೆಯಾಗುವಷ್ಟರಲ್ಲಿ ಧರ್ಮೇಂದ್ರ ಮರಳಿಗೆ ಕಾಲಿಟ್ಟಾಗಿತ್ತು. ಮರಳಿನ ಮೈತುಂಬ ಭೀಮೇಶನ ಗುಂಪಿನ ಹೆಜ್ಜೆ. ಅವನು ಅವಳನ್ನು ಕೆಕ್ಕರಿಸಿ ನೋಡಿ ಆಡಿದ. ಅವನು ಹೊರಟ ಮರುಕ್ಷಣವೇ ಇವಳು ಗುಡಿಸಿದಳು, ಕನ್ನಡಿ ಮಾಡಿಬಿಟ್ಟಳು. ಅದರ ಹಿಂದಿನ ಗುಂಪು ಹೋದಾಗಲೂ ಹಾಗೆಯೇ, ತಕ್ಷಣ.

ನೋಡಿದಿರಾ. ಪೊರಕೆ ಯಾರ ಹಿಂದೆ ಮಲಗುತ್ತದೆ, ಯಾರ ಹಿಂದೆ ಏಳುತ್ತದೆ ಎಂದು ಲೆಕ್ಕ ಹಾಕಲು ದೊಡ್ಡ ಬುದ್ಧಿ ಬೇಕಿಲ್ಲ. ರೊಟ್ಟಿ ಕೊಟ್ಟವಳು ಗೆಲುವನ್ನೂ ಬಡಿಸುತ್ತಿದ್ದಾಳೆ ಎಂದುಕೊಂಡೆ. ಸಂಜೆ ಕೇಳಿದರೆ “ಗುಡಿಸ್ದೆನಲ್ಲ ಮೇಸ್ತ್ರಿ” ಎಂದು ಹಾರಿಸಿದಳು. ಎರಡನೆಯ ದಿನವೂ ಅದೇ ಕಥೆ. ಕೊನೆಯ ಸುತ್ತಿನಲ್ಲಿ ಅದೇ ಏಳನೇ ಗುಂಡಿಯ ಮರಳಿನ ಮೇಲೆ ಧರ್ಮೇಂದ್ರನ ಚೆಂಡು ನೆಟ್ಟಗೆ ಗುಂಡಿಗೆ ಹೋಗುತ್ತಿದ್ದದ್ದು ಒಂದು ಹಿಮ್ಮಡಿ ಗುರುತಿಗೆ ತಾಗಿ ಪಕ್ಕಕ್ಕೆ ಹೊರಳಿತು. ಆ ಒಂದು ಹೊಡೆತದಲ್ಲೇ ಅವನು ಸೋತ. ಹಾಲಿ ಚಾಂಪಿಯನ್ ಭೀಮೇಶ್ ಮತ್ತೆ ಗೆದ್ದ.

ಕಪ್ಪು ಕೊಡುವ ಮೊದಲೇ ಧರ್ಮೇಂದ್ರ ಷಡಕ್ಷರಪ್ಪನವರ ಎದುರು ನಿಂತು ದೂರು ಹೇಳಿದ. ಕ್ಲಬ್ಬಿನ ವರಾಂಡಕ್ಕೆ ಪುಟ್ಟಲಕ್ಷ್ಮಿಯನ್ನು ಕರೆಸಿದರು. ಅವಳು ಪೊರಕೆಯ ಸಮೇತ ಬಂದು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡು ನಿಂತಳು.

“ಏನಮ್ಮ, ಭೀಮೇಶ್ ಹೋದಾಗ್ಲೆಲ್ಲ ಯಾಕೆ ಗುಡಿಸ್ಲಿಲ್ಲ ನೀನು?” ಎಂದು ಷಡಕ್ಷರಪ್ಪನವರು ಕೇಳಿದರು.

“ಆಮೇಲೆ ಗುಡಿಸ್ದೆ ಸ್ವಾಮಿ.”

“ಆಮೇಲೆ ಅಂದ್ರೆ ಯಾವಾಗ?”

“ಅವ್ರು ಕಣ್ಮರೆ ಆದ್ಮೇಲೆ.” ನೆಲ ನೋಡುತ್ತಲೇ ಮುಂದುವರಿಸಿದಳು. “ಹೊರಟೋರ ಬೆನ್ನಿಗೇ ಕಸ ಗುಡಿಸ್ಬಾರ್ದಲ್ಲ ಸ್ವಾಮಿ. ಹೋದೋರಿಗೆ ಒಳ್ಳೇದಾಗಲ್ಲ.”

ವರಾಂಡದಲ್ಲಿ ಯಾರೂ ನಗಲಿಲ್ಲ. ನಗುವುದು ಹೇಗೆ? ಅಲ್ಲಿದ್ದ ಪ್ರತಿಯೊಬ್ಬರ ಮನೆಯಲ್ಲೂ, ಯಾರಾದರೂ ಪ್ರಯಾಣ ಹೊರಟರೆ ಅವರು ಬೀದಿಯ ತಿರುವು ದಾಟುವ ತನಕ ಪೊರಕೆ ಮೂಲೆಯಲ್ಲೇ ಇರುತ್ತದೆ. ಎರಡು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ನನಗೇ ಇದು ಹೊಳೆದಿರಲಿಲ್ಲ.

ಆದರೆ ಧರ್ಮೇಂದ್ರ ಬಿಡುವವನಲ್ಲ. ಮೆಲ್ಲಗೇ ಕೇಳಿದ: “ನಾವು ಹೊರಟ ಬೆನ್ನಿಗೇ ಗುಡಿಸಿದ್ರಲ್ಲಮ್ಮ? ನಮಗೆ ಒಳ್ಳೇದಾಗೋದು ಬೇಡ್ವಾ?”

ಪುಟ್ಟಲಕ್ಷ್ಮಿ ಬೆನ್ನ ಹಿಂದಿನ ಪೊರಕೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಕೇಳಿದ್ದು ನ್ಯಾಯವೇ. ಅವನೂ ಯಾರೋ ತಾಯಿಯ ಮಗ.

ಷಡಕ್ಷರಪ್ಪನವರು ಕನ್ನಡಕ ತೆಗೆದು ಒರೆಸಿದರು. “ನೋಡಿ, ಆಡೋರಿಗೂ ಗುಡಿಸೋರಿಗೂ ಒಳಗೊಳಗೆ ಬಳಕೆ ಇದ್ರೆ ಈ ಗೆಲುವು ರದ್ದು. ಇವಳ ಕೆಲಸಾನೂ ಇವತ್ತಿಗೇ ಮುಗೀತು. ಭೀಮೇಶ್, ಈಯಮ್ಮ ನಿನಗೆ ಏನಾಗ್ಬೇಕು?”

“ಏನೂ ಆಗ್ಬೇಕಿಲ್ಲ ಸಾರ್. ಯಾರೋ ಗೊತ್ತಿಲ್ಲ. ಇಲ್ಲೇ ನೋಡಿದ್ದು.”

ಕಪ್ಪಿಟ್ಟಿದ್ದ ಮೇಜನ್ನೇ ನೋಡುತ್ತ ಹೇಳಿದ. ಪುಟ್ಟಲಕ್ಷ್ಮಿ ತಲೆಯೆತ್ತಿ ಅವನನ್ನು ಒಂದು ಸಲ ನೋಡಿದಳು. ಆಮೇಲೆ ಅವಳಿಗೆ ಎಲ್ಲಿಂದ ಮಾತು ಬಂತೋ, ಪಟಪಟನೆ ಹೇಳಿದಳು.

“ಹೌದು ಸ್ವಾಮಿ, ನಂಗೂ ಗೊತ್ತಿಲ್ಲ. ನೀವೇ ಹಾರ ಹಾಕಿ ಮೊದ್ಲು ಕಳಿಸಿದ್ರಿ. ಹಾರ ಹಾಕಿ ಕಳಿಸ್ದೋರ ಹಿಂದೆ ಹೆಂಗೆ ಪೊರಕೆ ಆಡಿಸ್ಲಿ? ಬೇರೆಯೋರಿಗೆ ಹಾರ ಹಾಕಿರ್ಲಿಲ್ಲ, ಗುಡಿಸ್ದೆ.”

ಮರ್ಯಾದೆಯ ಮಾತು ಬಂದದ್ದೇ ಷಡಕ್ಷರಪ್ಪನವರ ಮುಖ ಸಡಿಲಾಯಿತು. ಹಾರ ಅವರದ್ದೇ, ಮೊದಲು ಕಳಿಸಿದವರೂ ಅವರೇ. ತಿಳಿಯದೆ ಆದ ತಪ್ಪು, ಮುಂದೆ ಹೀಗೆ ಮಾಡಬೇಡ ಎಂದು ಅವಳಿಗೆ ಹೇಳಿ, ಗೆಲುವನ್ನು ಎತ್ತಿಹಿಡಿದರು. ಧರ್ಮೇಂದ್ರ ಚಪ್ಪಾಳೆಗೂ ನಿಲ್ಲದೆ ಚೀಲ ಹೆಗಲಿಗೇರಿಸಿ ನಡೆದ. ಅವನು ನಂಬಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನನಗೆ ಸತ್ಯ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಕೃಷ್ಣಪ್ಪನ ಮಾತ್ರೆಗೆ ಏನು ದಾರಿ? ಅದರ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆದರೆ ಭೀಮೇಶ್ ಕಪ್ಪು ಹಿಡಿದು ಫೋಟೋಕ್ಕೆ ನಿಂತದ್ದು ಕಂಡು ಮೈಯೆಲ್ಲ ಉರಿಯಿತು. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೆ. ಉಂಡ ಮನೆಯೇ ಗೊತ್ತಿಲ್ಲ ಎನ್ನುವವನನ್ನು ಕಂಡಿರಲಿಲ್ಲ.

ಸಂಜೆ ಭದ್ರಾವತಿ ಬಸ್ಸಿಗೆ ಕಾಯುತ್ತ ರಸ್ತೆಯ ಬದಿ ನಾನೂ ಪುಟ್ಟಲಕ್ಷ್ಮಿಯೂ ನಿಂತಿದ್ದೆವು. ಭೀಮೇಶ್ ಕೂತಿದ್ದ ಜೀಪು ನಮ್ಮ ಮುಂದೆಯೇ ಶಿವಮೊಗ್ಗದ ಕಡೆ ಹೋಯಿತು. ನಿಲ್ಲಲಿಲ್ಲ. ಪುಟ್ಟಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಎಂಥ ಮನುಷ್ಯ ಮಾರಾಯ್ತಿ ಅವ್ನು,” ಎಂದೆ. “ನಿನ್ ಕೈ ಅನ್ನ ತಿಂದು ಬೆಳ್ದೋನು.”

“ಬೈಬೇಡಿ ಮೇಸ್ತ್ರಿ. ನಿಜ ಹೇಳಿದ್ರೆ ಅವ್ನ ಕಪ್ಪೂ ಹೋಗ್ತಿತ್ತು, ನನ್ ಕೆಲ್ಸಾನೂ ಹೋಗ್ತಿತ್ತು. ಅವ್ನು ಹೇಳ್ದಿದ್ರೆ ನಾನೇ ಹೇಳ್ತಿದ್ದೆ, ಗೊತ್ತಿಲ್ಲ ಅಂತ.”

“ಮತ್ತೆ ಯಾಕೆ ಅಳ್ತೀಯ?”

ಅವಳು ಜೀಪು ಹೋದ ರಸ್ತೆಯನ್ನೇ ನೋಡುತ್ತಿದ್ದಳು.

“ನಾನು ಹೇಳಿದ್ರೆ ತಡವರಿಸ್ಕೊಂಡು ಹೇಳ್ತಿದ್ದೆ ಮೇಸ್ತ್ರಿ. ಅವ್ನು ಒಂದು ಚೂರೂ ತಡವರಿಸ್ಲಿಲ್ಲ.”