ಕುಂಕುಮ ಇಟ್ಟ ಹನ್ನೆರಡು ಟ್ಯಾಬ್ಲೆಟ್‌ಗಳು

೨೦೧೮ರ ಮಾತು. ಪಾಲಿಟೆಕ್ನಿಕ್‌ನ ಆಟೊಮೊಬೈಲ್ ವಿಭಾಗದಿಂದ ನಿವೃತ್ತಳಾಗಿ ಸಹಕಾರನಗರದ ಮನೆಯಲ್ಲಿ ನೆಮ್ಮದಿಯಾಗಿದ್ದೆ. ಹೊಸ ಕೋರ್ಸಿಗೆ ಕಾಲೇಜುಗಳು ಸಿದ್ಧವಿವೆಯೇ ಎಂದು ಪರಿಶೀಲಿಸುವ ಸಮಿತಿಯೊಂದು ನನ್ನನ್ನು ರಾಜಾನುಕುಂಟೆ ಆಚೆಯ ಒಂದು ಸಮುದಾಯ ಕಾಲೇಜಿಗೆ ಕಳಿಸಿತು. ಅಲ್ಲಿ ದ್ವಿಚಕ್ರ ವಾಹನ ರಿಪೇರಿಯನ್ನು ಆಗ್ಮೆಂಟೆಡ್ ರಿಯಾಲಿಟಿಯಲ್ಲಿ ಕಲಿಸುವ ಯೋಜನೆ. ಎಂಜಿನ್ ಮುಂದೆ ಟ್ಯಾಬ್ಲೆಟ್ ಹಿಡಿದರೆ ಕ್ಯಾಮೆರಾ ಅದನ್ನು ಗುರುತಿಸಿ, ಒಳಗಿನ ಪಿಸ್ಟನ್, ವಾಲ್ವ್‌ಗಳನ್ನು ಪರದೆಯ ಮೇಲೆ ಬಿಡಿಸಿ ತೋರಿಸುತ್ತದೆ.

ಆಯುಧಪೂಜೆ ಮುಗಿದು ವಾರವಾಗಿತ್ತು. ಕಾಲೇಜಿನ ಅಧ್ಯಕ್ಷ ಮುನಿರಾಜಪ್ಪನವರು ಬೇಸಾಯದ ಮನೆತನದವರು, ಸ್ವಂತ ಜಮೀನಿನಲ್ಲೇ ಕಾಲೇಜು ಕಟ್ಟಿಸಿದವರು. ಎಳನೀರು ಕೊಟ್ಟು ಉಪಚರಿಸಿ, ಸೊಂಟದ ಕೀಲಿಗೊಂಚಲು ತೆಗೆದು ಬೀರು ತೆರೆದರು. ಹನ್ನೆರಡು ಟ್ಯಾಬ್ಲೆಟ್. ಪರದೆಯ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ. ಒಂದನ್ನು ಅಲ್ಲಿದ್ದ ಬೈಕ್ ಎಂಜಿನ್ ಮುಂದೆ ಹಿಡಿದೆ. ಬರೀ ಕತ್ತಲು. ತಿರುಗಿಸಿ ನೋಡಿದರೆ ಕ್ಯಾಮೆರಾದ ಮೇಲೆ ಗಂಧ, ಗಂಧದ ಮೇಲೆ ಕುಂಕುಮ. ಹನ್ನೆರಡಕ್ಕೂ ಅದೇ ಜಾಗದಲ್ಲಿ.

“ದುಂಡಗೆ ಕಾಣ್ತಲ್ಲ ಮೇಡಮ್ಮೋರೆ, ಅಲ್ಲೇ ಇಟ್ವಿ” ಎಂದರು ಅಧ್ಯಕ್ಷರು.

ನಗು ತಡೆಯಲಾಗಲಿಲ್ಲ. ಪೂಜೆಯ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ವರ್ಕ್‌ಷಾಪಿನ ಲೇತ್‌ಗೆ ಪ್ರತಿವರ್ಷ ನಾನೇ ಕುಂಕುಮ ಇಡುತ್ತಿದ್ದೆ. ಆದರೆ ಆ ಲೇತ್ ಮರುದಿನವೇ ತಿರುಗುತ್ತಿತ್ತು. ಇವನ್ನು ಪೂಜೆಗೆಂದು ಹೊರತೆಗೆದು ಮತ್ತೆ ಬೀಗ ಹಾಕಿದ್ದರು.

ಸೆರಗಿನಿಂದ ಒರೆಸಿದೆ, ಪಿಸ್ಟನ್ ಕಾಣಿಸಿತು. ಈ ಕೋರ್ಸಿಗೆಂದೇ ನೇಮಿಸಿದ್ದ ಬೋಧಕಿ ಶೋಭಾ ಅವರಿಗೆ ನಡೆಸಿ ತೋರಿಸಲು ಹೇಳಿದೆ. ಅವರು ಕೈ ಹಿಂದೆ ಕಟ್ಟಿಕೊಂಡರು.

“ಟ್ರೇನಿಂಗಲ್ಲಿ ಮುಟ್ಟಿದ್ದಷ್ಟೇ ಮೇಡಂ. ಇಲ್ಲಿ ಕೈಗೇ ಕೊಟ್ಟಿಲ್ಲ. ಒಡೆದ್ರೆ ಕೆಲ್ಸ ಹೋಗುತ್ತೆ ಅಂದಿದಾರೆ.”

ನನ್ನ ಫಾರಂನಲ್ಲಿ ಇದ್ದದ್ದು ಎರಡೇ ಚೌಕ: ಸಿದ್ಧ, ಸಿದ್ಧವಿಲ್ಲ. ಸಿದ್ಧವಿಲ್ಲವೆಂದರೆ ಕೋರ್ಸು ಬೇರೆ ಕಾಲೇಜಿಗೆ ಹೋಗುತ್ತಿತ್ತು, ಜೊತೆಗೆ ಶೋಭಾ ಅವರ ಕೆಲಸವೂ. ಸಿದ್ಧವೆಂದರೆ ಟ್ಯಾಬ್ಲೆಟ್‌ಗಳು ಮುಂದಿನ ಆಯುಧಪೂಜೆಯವರೆಗೆ ಬೀರುವಿನಲ್ಲೇ. ಸಮಿತಿಯ ಅಧಿಕಾರಿ ಫೋನಿನಲ್ಲಿ, “ಸಾಮಾನೆಲ್ಲ ಇದೆಯಲ್ಲ ಮೇಡಂ, ಟಿಕ್ ಹಾಕಿ ಬನ್ನಿ. ಉದ್ಘಾಟನೆ ಫಿಕ್ಸ್ ಆಗಿದೆ” ಎಂದರು. ನನಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಮಕ್ಕಳ ಕೈಗೆ ಸ್ಪ್ಯಾನರ್ ಕೊಟ್ಟವಳು ಈಗ ಬೀರುವಿಗೆ ಸರ್ಟಿಫಿಕೇಟ್ ಕೊಡಬೇಕೇ? “ಹಾಕಲ್ಲ” ಎಂದು ಫೋನ್ ಇಟ್ಟೆ. ಎರಡೂ ಚೌಕ ಖಾಲಿ ಬಿಟ್ಟು ಕೆಳಗೆ ಬರೆದೆ: ಕೀಲಿಕೈ ಬೋಧಕಿಯ ಬಳಿ ಇರಬೇಕು, ಕಲಿಸುವಾಗ ಒಡೆದರೆ ಅವರ ತಪ್ಪಲ್ಲವೆಂದು ಅಧ್ಯಕ್ಷರು ಬರೆದುಕೊಡಬೇಕು, ತಿಂಗಳ ನಂತರ ನೋಡಿ ನನ್ನ ಸಹಿ.

“ಇಂಗಂದ್ರೆ ಎಂಗೆ ಮೇಡಮ್ಮೋರೆ? ಒಡೆದಾಕ್ಬುಡ್ತಾರೆ!” ಎಂದರು ಮುನಿರಾಜಪ್ಪ.

“ಒಡೀಲಿ ಬಿಡಿ. ನೀವು ಟ್ರ್ಯಾಕ್ಟರ್ ಕಲಿಯೋವಾಗ ಎಷ್ಟು ಸಲ ಬದುವಿಗೆ ಗುದ್ದಿದ್ರಿ?”

“ಬದು ಏನ್ ಬಂತು, ಬಾವಿ ಕಟ್ಟೇಗೇ ಗುದ್ದಿದ್ದೆ” ಎಂದು ನಕ್ಕು, ಗೊಂಚಲಿನಿಂದ ಕೀಲಿ ಬಿಡಿಸಿ ಶೋಭಾ ಕೈಗಿಟ್ಟರು.

ಉದ್ಘಾಟನೆ ಮುಂದೆ ಹೋಯಿತು. ತಿಂಗಳ ನಂತರ ಮತ್ತೆ ಹೋದೆ. ಟ್ಯಾಬ್ಲೆಟ್‌ಗಳ ಮೇಲೆಲ್ಲ ಗ್ರೀಸಿನ ಬೆರಳಚ್ಚು. ವಿದ್ಯಾರ್ಥಿನಿಯೊಬ್ಬಳು ಅಧ್ಯಕ್ಷರನ್ನೇ ಪಕ್ಕಕ್ಕೆ ಕರೆದು ವಾಲ್ವ್ ತೋರಿಸುತ್ತಿದ್ದಳು. ಶೋಭಾ ಮೂಲೆ ಒಡೆದ ಒಂದು ಟ್ಯಾಬ್ಲೆಟ್ ತಂದು ನನ್ನ ಮುಂದಿಟ್ಟರು.

“ಇದು ನನ್ ಕೈಯಿಂದಾನೇ ಬಿತ್ತು ಮೇಡಂ.”

ದನಿಯಲ್ಲಿ ಹೆದರಿಕೆ ಇರಲಿಲ್ಲ. ಸಂತೋಷದಿಂದ ‘ಸಿದ್ಧ’ ಎಂದು ಗುರುತು ಹಾಕಿದೆ. ಆ ಸಮಿತಿ ನನ್ನನ್ನು ಮತ್ತೆ ಕರೆಯಲಿಲ್ಲ. ಕರೆಯದಿದ್ದರೆ ಕತ್ತೆಬಾಲ. ಇಂದಿಗೂ ಯಾರಾದರೂ ತಮ್ಮ ಲ್ಯಾಬ್ ನೋಡಲು ಕರೆದರೆ, ಮೊದಲು ಒಡೆದ ಸಾಮಾನು ತೋರಿಸಿ ಎನ್ನುತ್ತೇನೆ. ಒಂದೂ ಒಡೆದಿಲ್ಲ ಎಂದರೆ ಎದ್ದು ಬರುತ್ತೇನೆ.