ಹೆಣ್ಣು ನೋಡಲು ಹೋಗಿ ಬೋರಲು ಮಲಗಿದ್ದು

ಹೆಣ್ಣು ನೋಡಲು ಹೋದ ಮನೆಯಲ್ಲಿ ನೀವು ಯಾವತ್ತಾದರೂ ಬೋರಲು ಮಲಗಿದ್ದೀರಾ? ನಾನು ಮಲಗಿದ್ದೇನೆ. ಅದೂ ರೇಷ್ಮೆ ಸೀರೆಯಲ್ಲಿ.

ಹೋದ ತಿಂಗಳು ತಮ್ಮನ ಮಗನಿಗೆ ಹುಡುಗಿ ನೋಡಲು ನೆಲಮಂಗಲದಿಂದ ಸೂಲಿಬೆಲೆಗೆ ಹೊರಟೆವು. ನನ್ನ ಸಯಾಟಿಕಾ ಕೂಡ ಕಾರು ಹತ್ತಿತು. (ಗೊತ್ತಿಲ್ಲದ ಪುಣ್ಯವಂತರಿಗೆ: ಸೊಂಟದಲ್ಲಿ ಶುರುವಾಗಿ, ತೊಡೆಯ ಹಿಂದಿನಿಂದ ಕಾಲ್ಬೆರಳವರೆಗೆ ಕರೆಂಟು ಹೊಡೆದಂತೆ ಇಳಿಯುವ ನೋವು ಅದು.) ದಾರಿಯುದ್ದಕ್ಕೂ ಹೇಗೋ ತಡೆದುಕೊಂಡೆ. ಅವರ ಮನೆಯ ಮೆತ್ತನೆಯ ಸೋಫಾ ನನ್ನ ಕಥೆ ಮುಗಿಸಿತು. ಕೂತವಳಿಗೆ ಏಳಲಾಗಲಿಲ್ಲ.

"ಅಕ್ಕ, ಸ್ವಲ್ಪ ತಡ್ಕೋ. ಹುಡುಗಿ ಕಾಫಿ ತರ್ತಾಳೆ," ಎಂದು ತಮ್ಮ ಪಿಸುಗುಟ್ಟಿದ. ನರಕ್ಕೆ ಅಷ್ಟೆಲ್ಲ ಮರ್ಯಾದೆ ಗೊತ್ತಾಗುತ್ತದೆಯೇ?

ನೋವು ಎಳೆದಾಗ ನಾಚಿಕೆ ಬಿಟ್ಟು ಬೋರಲು ಮಲಗಿ, ಮೊಣಕೈ ಊರಿ ಎದೆ ಎತ್ತಿ ಎಂದು ನನ್ನ ಫಿಸಿಯೋಥೆರಪಿ ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ನಾಚಿಕೆ ಬಿಟ್ಟೆ. ಚಾಪೆ ಕೇಳಿದೆ. ಕಾಫಿ ತಂದ ಹುಡುಗಿಗೆ ಮೊದಲು ಕಂಡದ್ದು ಹುಡುಗನಲ್ಲ, ನಡುಮನೆಯಲ್ಲಿ ಹಾವಿನಂತೆ ತಲೆ ಎತ್ತಿ ಮಲಗಿದ್ದ ಹುಡುಗನ ಅತ್ತೆ!

ತಮ್ಮನ ಮುಖ ಕಪ್ಪಿಟ್ಟಿತು. ಈ ಸಂಬಂಧ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಹುಡುಗಿಯ ತಾಯಿ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತರು. "ಹಿಂದ್ಗಡೆಯಿಂದ ಹಿಮ್ಮಡಿವರ್ಗೂ ಎಳೀತದಾ?"

"ಹೂಂ."

"ನಂಗೂ ಹಂಗೇ ಕಣಕ್ಕ. ಹಾಲು ಕರೆದು ಎದ್ರೆ ಕಾಲು ಊರಕ್ಕಾಗಲ್ಲ."

ಅವರ ಯಜಮಾನರು ಲೋಟ ಕೆಳಗಿಟ್ಟರು. "ನಿಂಗಾ? ಯಾವಾಗಿಂದ?"

"ಹೋದ್ಸಲ ರಾಗಿ ಕುಯ್ದಾಗಿಂದ."

"ಒಂದ್ ಮಾತು ಹೇಳ್ಲಿಲ್ವಲ್ಲೇ!"

"ಹೇಳಿದ್ರೆ ಹಸು ಕೇಳ್ತದಾ?"

ಹುಡುಗಿಯ ಕಣ್ಣು ತುಂಬಿ ಬಂತು. ಅವಳಿಗೂ ಗೊತ್ತಿರಲಿಲ್ಲ. ಜಾತಕದ ಮಾತು ಅಲ್ಲಿಗೇ ನಿಂತಿತು. ಆ ತಾಯಿ ನನ್ನ ಪಕ್ಕದಲ್ಲೇ ಮಲಗಲು ಹೊರಟಾಗ ತಡೆದೆ. "ನನ್ನ ವ್ಯಾಯಾಮ ನಿಮ್ಮ ಸೊಂಟಕ್ಕೆ ಹೊಂದ್ಬೇಕಲ್ಲ? ಮೊದ್ಲು ತೋರಿಸ್ಕೊಳ್ಳಿ." (ಹುಡುಗ ಹುಡುಗಿ ಹೊಂದಿದರೋ ಎಂದು ಕೇಳುವುದು ನೆನಪಾದದ್ದು ವಾಪಸು ಬರುವಾಗ. ಹೊಂದಿದರಂತೆ.)

ಮದುವೆ ನಿಶ್ಚಯವಾಗಿದೆ. ಬೀಗಿತ್ತಿ ಹೊಸಕೋಟೆಗೆ ಫಿಸಿಯೋಥೆರಪಿಗೆ ಹೋಗುತ್ತಾರೆ. ಮನೆಯಲ್ಲೂ ವ್ಯಾಯಾಮ ತಪ್ಪಿಸುವುದಿಲ್ಲ, ಹುಲ್ಲಿನ ಹೊರೆ ಎತ್ತುವುದನ್ನು ಬಿಟ್ಟಿದ್ದಾರೆ. ಹಿಮ್ಮಡಿಯವರೆಗೆ ಇಳಿಯುತ್ತಿದ್ದ ನೋವು ಈಗ ಮಂಡಿ ದಾಟುವುದಿಲ್ಲವಂತೆ. ಹಾಲು ಕರೆಯುವ ಕೆಲಸ ಯಜಮಾನರದು.

ಯಜಮಾನರು ಹಾಲು ಕರೆಯಲು ಶುರು ಮಾಡಿ ಇನ್ನೂ ವಾರವಾಗಿಲ್ಲ. ಅವರ ಸೊಂಟನೋವು ಆಗಲೇ ಇಡೀ ಸೂಲಿಬೆಲೆಗೆ ಗೊತ್ತಾಗಿದೆ!