ಬಸ್ಸಿಗೆ ಕಾಣದ ತಂಗುದಾಣ

ನಮ್ಮೂರಿನ ಬಸ್ ತಂಗುದಾಣಕ್ಕೆ ಹೊಸ ಬಣ್ಣ ಬಳಿದಿದ್ದಾರೆ. ಆ ವಾಸನೆಗೆ ಮೂಗು ಮುಚ್ಚಿಕೊಂಡು ಕೂತವನಿಗೆ ನೆನಪಾದದ್ದು, ವಿಚಿತ್ರ ನೋಡಿ, ಪುಟ್ಟಮ್ಮನ ಟೀ ಅಂಗಡಿಯ ಹೊಗೆ.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮದು ಸಣ್ಣ ಊರು, ಸೌಲಭ್ಯಕ್ಕೇನೂ ಕೊರತೆಯಿಲ್ಲ. ಶುದ್ಧ ನೀರಿನ ಘಟಕವಿದೆ, ಅದರ ಬಾಗಿಲಿಗೆ ಗಟ್ಟಿಯಾದ ಬೀಗವಿದೆ. ವ್ಯಾಯಾಮದ ಯಂತ್ರಗಳಿವೆ, ಅವುಗಳ ಮೇಲೆ ಸೀರೆ ಬೇಗ ಒಣಗುತ್ತದೆ. ತಂಗುದಾಣಕ್ಕಂತೂ ಕಲ್ಲಿನ ಆಸನ, ಗೋಡೆ ಗಡಿಯಾರ, ಎರಡೂ ಪಕ್ಕ ಮುಖಂಡರು ನಗುವ ಫ್ಲೆಕ್ಸು. ಆ ಮುಖಗಳು ಎಷ್ಟು ಅಗಲವೆಂದರೆ ಒಳಗಿರುವ ನಮಗೆ ಬಸ್ಸು ಕಾಣದು, ಬಸ್ಸಿಗೆ ನಾವು ಕಾಣೆವು. ಸದ್ದು ಕೇಳಿ ಎದ್ದು ಬರುವಷ್ಟರಲ್ಲಿ ಅದು ಮುಂದಿನ ಊರಿನಲ್ಲಿರುತ್ತದೆ. ಹೊರಗೆ ನಿಲ್ಲೋಣವೆಂದರೆ ನೆರಳಿಗೆ ಮರವಿಲ್ಲ. ಮರ ಕಡಿದೇ ಇದನ್ನು ಕಟ್ಟಿದ್ದು.

ಅದು ಹೊಂಗೆ ಮರ, ಅದರಡಿ ಪುಟ್ಟಮ್ಮನ ಅಂಗಡಿ. ಹತ್ತುವವರಿದ್ದರೆ ಆಕೆ ಕೊಂಬೆಗೊಂದು ಕೆಂಪು ಬಟ್ಟೆ ನೇತುಹಾಕುತ್ತಿದ್ದಳು. ಡ್ರೈವರು ತಿರುವಿನಲ್ಲೇ ಅದನ್ನು ಕಂಡು ನಿಲ್ಲಿಸುತ್ತಿದ್ದ. ಎಲ್ಲರೂ ನಿಶ್ಚಿಂತೆಯಿಂದ ಟೀ ಕುಡಿಯುವರು. ನಾನೋ ಗಡಿಯಾರ ನೋಡಿಕೊಂಡೇ ಬದುಕಿದವನು. ಲೋಟ ಹಿಡಿದೂ ರಸ್ತೆಗೆ ಇಣುಕುತ್ತಿದ್ದೆ.

"ಕೂತ್ಕಳಿ ಸಾ. ಬಟ್ಟೆ ಆಕಿವ್ನಿ, ನಿಲ್ದೆ ಎಲ್ಲೋದದು?"

"ಬಸ್ಸು ನಿಲ್ಲಿಸೋಕೆ ಒಂದು ಪದ್ಧತಿ ಬೇಡವೇನಮ್ಮ?"

"ಇದೇ ಪದ್ದತಿ ಕಣ್ ಸಾ. ನಿಮ್ದು ಬುಕ್ನಾಗದೆ, ನಮ್ದು ಕೊಂಬೇಲದೆ!"

ಆಕೆ ತೀರಿಕೊಂಡ ಮೇಲೆ ತಂಗುದಾಣ ಎದ್ದಿತು. ಊರಿಗೆ ಕೊನೆಗೂ ಶಿಸ್ತು ಬಂತೆಂದು ಎಲ್ಲರಿಗಿಂತ ಮೊದಲು ಹೋಗಿ ಕೂತವನು ನಾನೇ.

ಹೋದ ವಾರ ಬಸ್ಸಿನಿಂದ ಇಳಿಯುವಾಗ ಕಂಡಕ್ಟರು ಹೇಳಿದ, "ಇಲ್ಲಿ ಯಾರೂ ಬಸ್ ಅತ್ತೋದೇ ಇಲ್ಲ ಸಾ. ಸ್ಟಾಪ್ ತಗ್ದಾಕ್ತಾರಂತೆ."

"ಒಳಗೆ ಕೂತಿರ್ತೀವಲ್ಲಪ್ಪಾ!"

"ಒಳಗ್ ಕೂತಿರೋದು ನಮ್ಗೇನ್ ಕನಸ್ ಬಿದ್ದದಾ?"

ಸ್ಟಾಪು ಹೋದರೆ ನನ್ನಂಥ ಮಂಡಿನೋವಿನವರು ಮುಂದಿನ ಊರಿನವರೆಗೆ ನಡೆಯಬೇಕು.

ಇವತ್ತೂ ಬೆಳಗಿನ ಮೊದಲ ಬಸ್ಸು ಹಾಗೇ ಹೋಯಿತು. ಪಕ್ಕದಲ್ಲಿ ಸೊಪ್ಪಿನ ಮಂಕರಿ ಇಟ್ಟುಕೊಂಡು ಕೂತಿದ್ದ ನಿಂಗಮ್ಮ, "ಇನ್ನೊಂದೂ ಇಂಗೇ ಓದ್ರೆ ಈ ಸೊಪ್ಪ ಗಡಿಯಾರಕ್ಕೇ ಮುಡಿಸ್ಲಾ ಸಾ?" ಎಂದಳು.

ನಾನು ಎದ್ದೆ. ಇಸ್ತ್ರಿ ಮಡಿಕೆ ಕೆಡದಂತೆ ಸದಾ ಹೆಗಲ ಮೇಲಿರುವ ಟವೆಲನ್ನು ತೆಗೆದು ತಿರುವಿನ ಕಡೆಯ ಫ್ಲೆಕ್ಸಿನ ಕಂಬಕ್ಕೆ ಕಟ್ಟಿದೆ. ಅದು ಇಳಿದು ಒಬ್ಬ ಮುಖಂಡರ ನಗುವನ್ನು ಅರ್ಧ ಮುಚ್ಚಿತು.

ಮುಂದಿನ ಬಸ್ಸು ನಿಂತಿತು.

ನಿಂಗಮ್ಮನನ್ನು ಹತ್ತಿಸಿ ಟವೆಲು ಬಿಚ್ಚಲು ಹೋದೆ. ಅದೇ ಕಂಡಕ್ಟರು ಬಾಗಿಲಿಂದ ಕೂಗಿದ, "ಬುಡಿ ಸಾ, ನಾಳೀಕೂ ಬೇಕಲ್ವಾ!"

ಬಿಟ್ಟೆ. ಬರಿ ಹೆಗಲಲ್ಲಿ ನಂಜನಗೂಡಿನವರೆಗೆ ಹೋದೆ. ಒಮ್ಮೆಯೂ ಗಡಿಯಾರ ನೋಡಲಿಲ್ಲ.